ಅಳಿಸದೆ ಉಳಿದ ಒಂದು ಪದ

'ಅತ್ತೆಗೆ ಮೀಸೆ ಬಂದರೆ ಮಾವನೆನ್ನಬಹುದು' ಎಂಬ ಗಾದೆಯ ಮಾತು ಕನ್ನಡದಲ್ಲಿ ಉಂಟು. ಆಗದೆ ಹೋದುದನ್ನು ಹಿಡಿದುಕೊಂಡು 'ಹೀಗಾಗಿದ್ದರೆ, ಹಾಗಾಗಿದ್ದರೆ' ಎಂದು ಲೆಕ್ಕ ಹಾಕುತ್ತ ಕೂರುವವರ ಬಾಯಿ ಮುಚ್ಚಿಸಲು ಹಿರಿಯರು ಬಳಸುವ ಮಾತು ಅದು. ಇತಿಹಾಸಕಾರರಿಗೂ ಈ ಗಾದೆ ಒಪ್ಪಿಗೆಯೇ. ನಡೆದುದಕ್ಕೆ ದಾಖಲೆಯುಂಟು; ನಡೆಯದುದಕ್ಕೆ ಏನುಂಟು? ಆದರೂ ಚರಿತ್ರೆಯಲ್ಲಿ ಅಪರೂಪಕ್ಕೊಮ್ಮೆ ನಡೆಯದುದಕ್ಕೂ ದಾಖಲೆ ದೊರೆಯುವ ದಿನವೊಂದು ಬರುತ್ತದೆ. ಅಂದು ದಾರಿ ಎರಡಾಗಿ ಒಡೆದಿರುತ್ತದೆ. ಜನ ಒಂದರಲ್ಲಿ ನಾಲ್ಕು ಹೆಜ್ಜೆ ಇಟ್ಟು, ಬೆದರಿ, ಹಿಂದಿರುಗಿ, ಇನ್ನೊಂದನ್ನು ಹಿಡಿದಿರುತ್ತಾರೆ. ಆ ನಾಲ್ಕು ಹೆಜ್ಜೆಗಳ ಗುರುತು ಮಾತ್ರ ಮಣ್ಣಿನಲ್ಲಿ ಉಳಿದುಬಿಡುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಾಲಿಗೆ ೧೮೭೦ನೆಯ ಇಸವಿಯ ಜುಲೈ ೪ ಅಂಥದೊಂದು ದಿನ. ಅಂದು ಅಲ್ಲಿನ ಸೆನೆಟ್ ಸಭೆ ದೇಶದ ಪೌರತ್ವದ ಕಾಯಿದೆಯಿಂದ ಒಂದು ಪದವನ್ನು ಅಳಿಸಲು ಒಪ್ಪಿತು. ಅಂದೇ ಮನಸ್ಸು ಬದಲಿಸಿ ಅದನ್ನು ಇದ್ದಲ್ಲಿಯೇ ಇರಗೊಟ್ಟಿತು. ಆ ಪದ 'ಬಿಳಿಯ' ಎಂಬುದು. ಅದು ನಿಜವಾಗಿ ಅಳಿಸಿಹೋಗಲು ಮತ್ತೆ ಎಂಬತ್ತೆರಡು ವರ್ಷಗಳು ಬೇಕಾದವು.

ಆ ಪದದ ಹುಟ್ಟು ೧೭೯೦ರಷ್ಟು ಹಿಂದಿನದು. ಮನುಷ್ಯರೆಲ್ಲರೂ ಸಮಾನರಾಗಿ ಹುಟ್ಟಿದವರೆಂದು ೧೭೭೬ರಲ್ಲಿ ಸಾರಿ ಬ್ರಿಟಿಷ್ ದೊರೆಯಿಂದ ಬೇರ್ಪಟ್ಟ ನಾಡು, ತನ್ನ ಸಂವಿಧಾನ ಜಾರಿಗೆ ಬಂದ ಮರುವರ್ಷವೇ ಹೊರಗಿನವರನ್ನು ಒಳಗೆ ಸೇರಿಸಿಕೊಳ್ಳುವ ಬಗೆಯನ್ನು ನಿರ್ಣಯಿಸಿತು. ಎರಡು ವರ್ಷ ಆ ನಾಡಿನಲ್ಲಿ ನೆಲಸಿದ, ನಡತೆ ಒಳ್ಳೆಯದೆನಿಸಿದ, 'ಸ್ವತಂತ್ರನಾದ ಬಿಳಿಯ ವ್ಯಕ್ತಿ' ಯಾರೇ ಆಗಲಿ, ನ್ಯಾಯಾಲಯದ ಮುಂದೆ ನಿಂತು ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದು ಪ್ರಮಾಣ ಮಾಡಿದರೆ ಪೌರನಾಗಬಹುದು. ಅಂದಿನ ಯೂರೋಪಿನ ಕಣ್ಣಿನಿಂದ ನೋಡಿದರೆ ಇದು ಬಹು ಉದಾರವಾದ ಶಾಸನ. ಬಂದವನ ಮತ ಯಾವುದೆಂದು ಅದು ಕೇಳಲಿಲ್ಲ. ಅವನ ಆಸ್ತಿ ಎಷ್ಟೆಂದು ಕೇಳಲಿಲ್ಲ. ಕೇಳಿದುದು ಮೈಬಣ್ಣ ಒಂದನ್ನೇ. ಮುಂದೆ ಎರಡು ವರ್ಷದ ವಾಸ ಐದಾಯಿತು, ಕೆಲವು ಕಾಲ ಹದಿನಾಲ್ಕೂ ಆಯಿತು, ಮತ್ತೆ ಐದಕ್ಕೆ ಇಳಿಯಿತು. ಎಲ್ಲವೂ ಬದಲಾದರೂ ಆ ಒಂದು ಪದ ಮಾತ್ರ ಕದಲಲಿಲ್ಲ.

ಅದು ಮೊದಲ ಬಾರಿಗೆ ಅಲುಗಿದುದು ಅಂತರ್ಯುದ್ಧದ ಬಳಿಕ. ಗುಲಾಮಗಿರಿ ಅಳಿದಿತ್ತು. ಆ ನೆಲದಲ್ಲಿ ಹುಟ್ಟಿದವರು, ಅದರ ಕಾನೂನಿಗೆ ಒಳಪಟ್ಟವರು, ಪೌರರೆಂದು ೧೮೬೮ರಲ್ಲಿ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ಸಾರಿತು. ಬಣ್ಣದ ಕಾರಣದಿಂದ ಯಾವ ಪೌರನಿಗೂ ಮತದಾನವನ್ನು ನಿರಾಕರಿಸಬಾರದೆಂದು ೧೮೭೦ರ ಆರಂಭದಲ್ಲಿ ಹದಿನೈದನೆಯ ತಿದ್ದುಪಡಿ ಹೇಳಿತು. ಹುಟ್ಟಿನಿಂದ ಬರುವ ಪೌರತ್ವದ ಬಾಗಿಲಿನಿಂದ ಬಣ್ಣದ ಅಗುಳಿ ಹೀಗೆ ಕಳಚಿತು. ಹೊರಗಿನಿಂದ ಬಂದವರ ಬಾಗಿಲಿನಲ್ಲಿ ಅದು ಉಳಿದೇ ಇತ್ತು.

ಆ ಅಗುಳಿಗೆ ಕೈ ಹಾಕಿದವರು ಮ್ಯಾಸಚೂಸೆಟ್ಸಿನ ಸೆನೆಟರ್ ಚಾರ್ಲ್ಸ್ ಸಮ್ನರ್. ಗುಲಾಮಗಿರಿಯ ವಿರುದ್ಧ ಮಾತನಾಡಿದುದಕ್ಕಾಗಿ ೧೮೫೬ರಲ್ಲಿ ಅದೇ ಸೆನೆಟ್ ಭವನದಲ್ಲಿ, ತಮ್ಮದೇ ಮೇಜಿನ ಬಳಿ, ಪ್ರತಿನಿಧಿ ಸಭೆಯ ಸದಸ್ಯನೊಬ್ಬನಿಂದ ಬೆತ್ತದ ಏಟು ತಿಂದು ಕುಸಿದವರು ಅವರು. ೧೮೭೦ರಲ್ಲಿ ಪೌರತ್ವದ ಮಸೂದೆಯೊಂದು ಸಭೆಯ ಮುಂದೆ ಬಂದಿತ್ತು. ಅದರ ಮುಖ್ಯ ಉದ್ದೇಶ, ದೊಡ್ಡ ನಗರಗಳಲ್ಲಿ ಚುನಾವಣೆಯ ಹೊತ್ತಿಗೆ ಸುಳ್ಳು ಕಾಗದಗಳಿಂದ ಪೌರರನ್ನು ತಯಾರಿಸುವ ಮೋಸವನ್ನು ತಡೆಯುವುದು. ಅದಕ್ಕೆ ಸಮ್ನರ್ ಒಂದು ಪುಟ್ಟ ತಿದ್ದುಪಡಿಯನ್ನು ಸೂಚಿಸಿದರು: ಪೌರತ್ವದ ಕಾಯಿದೆಗಳಲ್ಲಿ ಎಲ್ಲೆಲ್ಲಿ 'ಬಿಳಿಯ' ಎಂಬ ಪದವಿದೆಯೋ ಅಲ್ಲೆಲ್ಲ ಅದನ್ನು ತೆಗೆದುಬಿಡಿ. ಸ್ವಾತಂತ್ರ್ಯದ ಘೋಷಣೆ ಮನುಷ್ಯರನ್ನು ಕುರಿತು ಮಾತನಾಡಿತೇ ಹೊರತು ಬಿಳಿಯ ಮನುಷ್ಯರನ್ನು ಕುರಿತಲ್ಲ ಎಂಬುದು ಅವರ ವಾದದ ಸಾರ. ಆ ಘೋಷಣೆಯ ಹಬ್ಬದ ದಿನದಂದೇ ಈ ಚರ್ಚೆ ನಡೆದುದು ಕಾಕತಾಳೀಯವಾದರೂ ಅರ್ಥವತ್ತಾಗಿತ್ತು.

ಸಭೆ ಒಮ್ಮೆ ಒಪ್ಪಿತು. ಒಡನೆಯೇ ಪಶ್ಚಿಮದ ಸದಸ್ಯರು ಎದ್ದು ನಿಂತರು. ನೆವಾಡದ ವಿಲಿಯಂ ಸ್ಟುವರ್ಟ್ ಅವರಲ್ಲಿ ಮುಂದಾಳು. ಈ ಪದ ಹೋದರೆ ಚೀನೀಯರು ಪೌರರಾಗುವರು, ಪೌರರಾದರೆ ಮತದಾರರಾಗುವರು ಎಂಬುದು ಅವರ ಭಯ. ಸಭೆಯನ್ನು ಮತ್ತೆ ಮತಕ್ಕೆ ಕರೆಯಲಾಯಿತು; ತಿದ್ದುಪಡಿ ಬಿದ್ದುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬದಲಿಗೆ, ಆಫ್ರಿಕದಲ್ಲಿ ಹುಟ್ಟಿದವರು ಮತ್ತು ಆಫ್ರಿಕದ ವಂಶದವರು ಕೂಡ ಪೌರರಾಗಬಹುದೆಂಬ ಮಾತನ್ನಷ್ಟೇ ಸೇರಿಸಿ, ಅದೇ ತಿಂಗಳ ೧೪ರಂದು ಕಾಯಿದೆ ಜಾರಿಗೆ ಬಂದಿತು. ಬಿಳಿಯರ ಬಾಗಿಲು ಒಂದಿತ್ತು. ಅದರ ಪಕ್ಕದಲ್ಲಿ ಕರಿಯರಿಗಾಗಿ ಇನ್ನೊಂದನ್ನು ತೆರೆದರು. ಎರಡರ ನಡುವಣ ಗೋಡೆ ಹಾಗೆಯೇ ನಿಂತಿತು. ಏಷ್ಯದ ಜನರೆಲ್ಲ ಆ ಗೋಡೆಯ ಮುಂದೆ ನಿಂತರು.

ಈಗ ಗಾದೆಯನ್ನು ತುಸು ಬದಿಗಿಟ್ಟು, ಜನ ಕೈಬಿಟ್ಟ ಆ ಇನ್ನೊಂದು ದಾರಿಯಲ್ಲಿ ನಡೆದು ನೋಡಬಹುದು. ಸಮ್ನರರ ತಿದ್ದುಪಡಿ ಗೆದ್ದಿತೆಂದು ಇಟ್ಟುಕೊಳ್ಳೋಣ.

ಪೂರ್ವ ಪಶ್ಚಿಮಗಳನ್ನು ಕೂಡಿಸುವ ರೈಲುದಾರಿಗೆ ೧೮೬೫ರಿಂದ ಸಾವಿರಗಟ್ಟಲೆ ಚೀನೀ ಕೂಲಿಗಳು ದುಡಿದಿದ್ದರು. ಬೆಟ್ಟಗಳನ್ನು ಸಿಡಿಸಿ ಸುರಂಗ ಕೊರೆದಿದ್ದರು. ೧೮೬೯ರ ಮೇ ತಿಂಗಳಿನಲ್ಲಿ ಯೂಟಾ ಪ್ರಾಂತ್ಯದಲ್ಲಿ ಕೊನೆಯ ಮೊಳೆ ಬಡಿದುದಾಯಿತು. ೧೮೭೦ರ ಹೊತ್ತಿಗೆ ಅವರಲ್ಲಿ ಮೊದಲು ಬಂದವರಿಗೆ ಐದು ವರ್ಷಗಳ ವಾಸ ತುಂಬಿತ್ತು. ಆ ಒಂದು ಪದವಿಲ್ಲದಿದ್ದರೆ, ಅವರು ಹಳ್ಳಿಯ ಕೋರ್ಟೊಂದಕ್ಕೆ ಹೋಗಿ ಅರ್ಜಿ ಹಾಕಬಹುದಿತ್ತು. ಪೌರರಾದ ದಿನವೇ ಹದಿನೈದನೆಯ ತಿದ್ದುಪಡಿಯ ಬಲದಿಂದ ಮತದಾರರೂ ಆಗುತ್ತಿದ್ದರು. ಸ್ಟುವರ್ಟರು ಹೆದರಿದುದು ಸುಮ್ಮನೆ ಅಲ್ಲ.

೧೮೭೭ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡೆನಿಸ್ ಕಿಯರ್ನಿ ಎಂಬವನು ಬಯಲಿನಲ್ಲಿ ಜನರನ್ನು ಸೇರಿಸಿ ಚೀನೀಯರು ತೊಲಗಬೇಕೆಂದು ಗುಡುಗತೊಡಗಿದ. ಅವನೇನೂ ಆ ನೆಲದ ಮಗನಲ್ಲ. ಐರ್ಲೆಂಡಿನಿಂದ ಹಡಗೇರಿ ಬಂದವನು. ಅವನಿಗೂ ಅವನು ಬೈದ ಚೀನೀಯನಿಗೂ ಇದ್ದ ವ್ಯತ್ಯಾಸ ಒಂದೇ: ಒಬ್ಬನ ಕೈಯಲ್ಲಿ ಮತವಿತ್ತು, ಇನ್ನೊಬ್ಬನ ಕೈಯಲ್ಲಿ ಇರಲಿಲ್ಲ. ಮತವಿಲ್ಲದವನನ್ನು ಬೈದು ಮತ ಗಳಿಸುವುದು ರಾಜಕಾರಣಿಗೆ ಅತ್ಯಂತ ಅಗ್ಗದ ವ್ಯಾಪಾರ. ಐದು ವರ್ಷಗಳ ಬಳಿಕ, ೧೮೮೨ರಲ್ಲಿ, ಚೀನೀ ಕೂಲಿಗಳು ದೇಶದೊಳಗೆ ಬರಕೂಡದೆಂದೂ, ಯಾವ ನ್ಯಾಯಾಲಯವೂ ಚೀನೀಯರಿಗೆ ಪೌರತ್ವ ಕೊಡಕೂಡದೆಂದೂ ಕಾಯಿದೆಯಾಯಿತು. ಕ್ಯಾಲಿಫೋರ್ನಿಯದ ಮತದಾರರ ಪಟ್ಟಿಯಲ್ಲಿ ಕೆಲವು ಸಾವಿರ ಚೀನೀ ಹೆಸರುಗಳಿದ್ದಿದ್ದರೆ ಆ ಕಾಯಿದೆ ಅಷ್ಟು ಸಲೀಸಾಗಿ ನಡೆದುಬರುತ್ತಿತ್ತೇ ಎಂಬುದು ಕೇಳತಕ್ಕ ಪ್ರಶ್ನೆ.

ಆದರೆ ಕಲ್ಪನೆಯ ಕುದುರೆಗೂ ಕಡಿವಾಣ ಬೇಕು. ಕಾಯಿದೆಯಿಂದ ಒಂದು ಪದ ಹೋದ ಮಾತ್ರಕ್ಕೆ ಮನಸ್ಸಿನಿಂದ ಅದು ಹೋಗುವುದಿಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಅಮೆರಿಕದ ದಕ್ಷಿಣ ಪ್ರಾಂತ್ಯಗಳಿಗೆ ಹೋದರೆ ಸಾಕು. ಕರಿಯರಿಗೆ ೧೮೬೮ರಲ್ಲಿ ಪೌರತ್ವ ಸಿಕ್ಕಿತು, ೧೮೭೦ರಲ್ಲಿ ಮತವೂ ಸಿಕ್ಕಿತು. ಶತಮಾನ ಮುಗಿಯುವ ಮುನ್ನವೇ ಅಕ್ಷರ ಪರೀಕ್ಷೆ, ತಲೆಗಂದಾಯ ಮೊದಲಾದ ಉಪಾಯಗಳಿಂದ ಆ ಮತವನ್ನು ಕಿತ್ತುಕೊಳ್ಳಲು ತೊಡಗಿದರು. ಅದು ದಕ್ಕಲು ೧೯೬೫ರ ಮತದಾನದ ಕಾಯಿದೆಯವರೆಗೆ ಕಾಯಬೇಕಾಯಿತು. 'ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ' ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ೧೯೪೨ರಲ್ಲಿ ಜಪಾನೀ ವಂಶದ ಸುಮಾರು ೧,೨೦,೦೦೦ ಮಂದಿಯನ್ನು ಮನೆಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿದಾಗ, ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಲ್ಲಿಯೇ ಹುಟ್ಟಿದ ಪೌರರು. ಪೌರತ್ವದ ಕಾಗದ ಅವರನ್ನು ಕಾಯಲಿಲ್ಲ.

ಹಾಗಾದರೆ ಆ ಪದವಿದ್ದರೇನು, ಇಲ್ಲದಿದ್ದರೇನು? ಉತ್ತರ ೧೮೯೮ರ ಒಂದು ತೀರ್ಪಿನಲ್ಲಿದೆ. ವಾಂಗ್ ಕಿಮ್ ಆರ್ಕ್ ಎಂಬ ಅಡಿಗೆಯವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗಳಿಗೆ ಹುಟ್ಟಿದವರು. ೧೮೯೫ರಲ್ಲಿ ಚೀನಕ್ಕೆ ಹೋಗಿ ಹಿಂದಿರುಗಿದಾಗ ಅವರನ್ನು ಹಡಗಿನಿಂದ ಇಳಿಯಗೊಡಲಿಲ್ಲ. ಚೀನೀಯರ ಮೇಲಿನ ದ್ವೇಷ ಅಂದು ಉರಿಯುತ್ತಿದ್ದ ಕಾಲ. ಆದರೂ ಸರ್ವೋಚ್ಚ ನ್ಯಾಯಾಲಯ, ಈ ನೆಲದಲ್ಲಿ ಹುಟ್ಟಿದ ಇವರು ಪೌರರೇ ಹೌದೆಂದು ತೀರ್ಪಿತ್ತಿತು. ನ್ಯಾಯಾಧೀಶರಿಗೆ ಆ ಮನುಷ್ಯರ ಮೇಲೆ ಮಮತೆ ಉಕ್ಕಿತೆಂದಲ್ಲ; ಸಂವಿಧಾನದ ವಾಕ್ಯದಲ್ಲಿ ಬಣ್ಣದ ಮಾತೇ ಇರಲಿಲ್ಲ. ದ್ವೇಷಕ್ಕೆ ಹಿಡಿದುಕೊಳ್ಳಲು ಅಲ್ಲಿ ಒಂದು ಹಿಡಿ ಇರಲಿಲ್ಲ. ಒಳ್ಳೆಯ ಕಾಯಿದೆ ಮಾಡುವ ಕೆಲಸ ಇಷ್ಟೇ. ಅದು ಜನರ ಮನಸ್ಸನ್ನು ತೊಳೆಯಲಾರದು. ಆದರೆ ಕೆಟ್ಟ ಮನಸ್ಸಿನ ಕೈಗೆ ಕೊಡಲಿಯ ಕಾವನ್ನು ಕೊಡದೆ ಇರಬಲ್ಲದು.

'ಬಿಳಿಯ' ಎಂಬ ಪದ ಅಂಥ ಕಾವೇ ಆಯಿತು. ೧೯೧೩ರಲ್ಲಿ ಕ್ಯಾಲಿಫೋರ್ನಿಯ ಪ್ರಾಂತ್ಯಕ್ಕೆ ಜಪಾನೀ ರೈತರ ಕೈಯಿಂದ ಭೂಮಿಯನ್ನು ತಪ್ಪಿಸಬೇಕೆನ್ನಿಸಿತು. ಅದು ಕಾಯಿದೆಯಲ್ಲಿ ಜಪಾನಿನ ಹೆಸರನ್ನೆತ್ತಲೇ ಇಲ್ಲ. 'ಪೌರರಾಗಲು ಅರ್ಹರಲ್ಲದ ಪರಕೀಯರು' ಹೊಲವನ್ನು ಕೊಳ್ಳಕೂಡದೆಂದು ಬರೆಯಿತು, ಅಷ್ಟು ಸಾಕಾಯಿತು. ೧೯೨೨ರ ಇನ್ನೊಂದು ಕಾಯಿದೆಯ ಮೇರೆಗೆ, ಅಂಥ ಅನರ್ಹನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಂಡಳು. ೧೯೨೪ರ ಕಾಯಿದೆ ಅಂಥ ಅನರ್ಹರು ದೇಶದೊಳಗೆ ವಲಸೆ ಬರುವುದನ್ನೇ ತಡೆಯಿತು. ೧೭೯೦ರಲ್ಲಿ ಹೆಚ್ಚು ಯೋಚಿಸದೆ ಬರೆದ ಪದವೊಂದು ಹೊಲಕ್ಕೆ, ಮದುವೆಗೆ, ಬಂದರಿಗೆ, ಎಲ್ಲಕ್ಕೂ ಬೇಲಿಯಾಯಿತು. ೧೮೭೦ರಲ್ಲಿ ಅದು ಅಳಿಸಿಹೋಗಿದ್ದರೆ ಈ ಮೂರು ಕಾಯಿದೆಗಳನ್ನೂ ಹಾಗೆ ಬರೆಯಲು ಆಗುತ್ತಿರಲಿಲ್ಲ. ಬರೆಯಬೇಕೆಂದಿದ್ದವರು ತಮ್ಮ ದ್ವೇಷವನ್ನು ಹೆಸರು ಹಿಡಿದು ಬರೆಯಬೇಕಾಗುತ್ತಿತ್ತು.

ಇವೆಲ್ಲ ಹೊರಗಿನ ನಷ್ಟ. ಒಳಗಿನ ನಷ್ಟ ಇನ್ನೂ ಸೂಕ್ಷ್ಮವಾದುದು. ಬಿಳಿಯನೆಂದರೆ ಯಾರು ಎಂಬ ಪ್ರಶ್ನೆಯನ್ನು ಹೊತ್ತು ೧೮೭೮ರಿಂದಾಚೆಗೆ ಐವತ್ತಕ್ಕೂ ಹೆಚ್ಚು ಮೊಕದ್ದಮೆಗಳು ಅಮೆರಿಕದ ನ್ಯಾಯಾಲಯಗಳ ಮುಂದೆ ಬಂದವು. ಸಿರಿಯದವನೊಬ್ಬ ಒಂದು ಕೋರ್ಟಿನಲ್ಲಿ ಬಿಳಿಯನಾದ. ಅವನ ನಾಡಿಗನೇ ಇನ್ನೊಂದು ಕೋರ್ಟಿನಲ್ಲಿ ಬಿಳಿಯನಾಗಲಿಲ್ಲ. ಸೋಜಿಗವೆಂದರೆ, ಒಂದು ಮೊಕದ್ದಮೆಯನ್ನು ಬಿಟ್ಟು ಉಳಿದೆಲ್ಲದರಲ್ಲಿಯೂ ಅರ್ಜಿದಾರರು 'ನಾವು ಬಿಳಿಯರು' ಎಂದೇ ವಾದಿಸಿದರು. ಪಕ್ಕದಲ್ಲಿ ಕರಿಯರ ಬಾಗಿಲೊಂದು ತೆರೆದಿತ್ತಲ್ಲವೇ? ಅದನ್ನು ತಟ್ಟುವ ಮನಸ್ಸು ಯಾರಿಗೂ ಆಗಲಿಲ್ಲ. ಆ ಬಾಗಿಲಿನಿಂದ ಒಳಹೊಕ್ಕವರ ಬಾಳು ಹೇಗಿದೆಯೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಹೀಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದವರಲ್ಲಿ ಇಬ್ಬರ ಹೆಸರು ಉಳಿದಿದೆ. ಟಕಾವೊ ಓಜಾವ ಜಪಾನಿನಲ್ಲಿ ಹುಟ್ಟಿದವರು. ಕ್ಯಾಲಿಫೋರ್ನಿಯದಲ್ಲಿ ಓದಿ, ಹವಾಯಿಯಲ್ಲಿ ನೆಲಸಿದವರು. ಮನೆಯಲ್ಲಿ ಇಂಗ್ಲಿಷನ್ನೇ ಆಡುತ್ತಿದ್ದರು. ೧೯೨೨ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಬಿಳಿಯನೆಂದರೆ ಮೈಬಣ್ಣವಲ್ಲ, ಕಕೇಸಿಯನ್ ಜನಾಂಗ; ಆದುದರಿಂದ ಓಜಾವ ಬಿಳಿಯರಲ್ಲ ಎಂದಿತು. ಮೂರು ತಿಂಗಳಿಗೆ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆ ಬಂದಿತು. ಪಂಜಾಬಿನ ಈ ಸಿಖ್ಖರು ೧೯೧೩ರಲ್ಲಿ ಅಮೆರಿಕಕ್ಕೆ ಹೋಗಿ, ೧೯೧೮ರಲ್ಲಿ ಪೇಟ ಕಟ್ಟಿಕೊಂಡೇ ಆ ದೇಶದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದರು. ಅಂದಿನ ಜನಾಂಗಶಾಸ್ತ್ರ ಉತ್ತರ ಭಾರತದವರನ್ನು ಕಕೇಸಿಯನ್ನರಲ್ಲಿ ಎಣಿಸುತ್ತಿತ್ತು. ಹಿಂದಿನ ತೀರ್ಪಿನ ಮಾತನ್ನೇ ಹಿಡಿದು ಅವರು ಗೆಲ್ಲಬೇಕಾಗಿತ್ತು. ೧೯೨೩ರ ಫೆಬ್ರವರಿ ೧೯ರಂದು ಅದೇ ನ್ಯಾಯಾಲಯ, ಶಾಸ್ತ್ರ ಏನು ಹೇಳಿದರೂ ಸರಿಯೆ, ಸಾಮಾನ್ಯ ಜನರ ಮಾತಿನಲ್ಲಿ ಹಿಂದೂ ಬಿಳಿಯನಲ್ಲ ಎಂದು ತೀರ್ಪಿತ್ತಿತು. ಎರಡೂ ತೀರ್ಪುಗಳನ್ನು ಬರೆದವರು ಒಬ್ಬರೇ, ಜಾರ್ಜ್ ಸದರ್ಲೆಂಡ್. ಅವರು ಕೂಡ ಇಂಗ್ಲೆಂಡಿನಲ್ಲಿ ಹುಟ್ಟಿ ಎಳವೆಯಲ್ಲಿ ವಲಸೆ ಬಂದವರು.

ತೀರ್ಪಿನ ಅನ್ಯಾಯವನ್ನು ಓದಿ ಮರುಗುವ ಭಾರತೀಯ ಓದುಗ ಥಿಂಡ್ ಅವರ ಪರವಾಗಿ ಮಂಡಿತವಾದ ವಾದವನ್ನೂ ಓದಬೇಕು. ಅಲ್ಲಿ ಅವನು ತಲೆ ತಗ್ಗಿಸಬೇಕಾಗುತ್ತದೆ. ಥಿಂಡ್ ಮೇಲು ಜಾತಿಯ ಆರ್ಯರು. ಜಾತಿಯ ಕಟ್ಟುಪಾಡು ಅವರ ರಕ್ತವನ್ನು ಬೆರಕೆಯಾಗದಂತೆ ಕಾಪಾಡಿದೆ. ಅಮೆರಿಕದ ಬಿಳಿಯ ಕರಿಯನನ್ನು ಯಾವ ಕಣ್ಣಿನಿಂದ ನೋಡುವನೋ ಮೇಲು ಜಾತಿಯ ಹಿಂದೂ ತನ್ನ ನಾಡಿನ ಮೂಲನಿವಾಸಿಯನ್ನು ಅದೇ ಕಣ್ಣಿನಿಂದ ನೋಡುವನು: ಇದು ವಾದದ ತಿರುಳು. ಒಳಗೆ ಬರಲು ತಾನು ಅರ್ಹನೆಂಬುದಕ್ಕೆ, ತನಗೂ ಇನ್ನೊಬ್ಬನನ್ನು ಹೊರಗಿಡಲು ಬರುತ್ತದೆ ಎಂಬುದೇ ಸಾಕ್ಷಿ! ಊರ ಹೊರಗಿನ ಕೇರಿಯನ್ನು ಏಳು ಸಮುದ್ರಗಳಾಚೆಗೆ ಹೊತ್ತೊಯ್ದು ಅರ್ಹತಾಪತ್ರವಾಗಿ ಮುಂದಿಟ್ಟಂತಾಯಿತು. ಸೈನಿಕನಾಗಿ ದುಡಿದೆನೆಂಬುದಾಗಲಿ, ಐದು ವರ್ಷ ಮರ್ಯಾದೆಯಿಂದ ಬಾಳಿದೆನೆಂಬುದಾಗಲಿ ಆ ಕಾಯಿದೆಯ ತಕ್ಕಡಿಯಲ್ಲಿ ತೂಗುತ್ತಿರಲಿಲ್ಲ. ಅದು ಕೇಳಿದುದು ಒಂದೇ ಪ್ರಶ್ನೆ. ಆ ಪ್ರಶ್ನೆಗೆ ಇಂಥ ಉತ್ತರವೇ ಹುಟ್ಟಬೇಕು. ಕೆಟ್ಟ ಕಾಯಿದೆ ಬಾಗಿಲನ್ನು ಮುಚ್ಚುವುದಷ್ಟೇ ಅಲ್ಲ. ಬಾಗಿಲು ತಟ್ಟುವವನ ನಾಲಗೆಯನ್ನೂ ಕೆಡಿಸುತ್ತದೆ. ೧೮೭೦ರಲ್ಲಿ ಆ ಪದ ಹೋಗಿದ್ದರೆ ಥಿಂಡ್ ಅವರಿಗೆ ಪೌರತ್ವ ಸಿಕ್ಕುತ್ತಿತ್ತೆಂಬುದು ನಿಜ. ಆ ಮಾತುಗಳನ್ನು ಆಡುವ ಪ್ರಮೇಯವೇ ಬರುತ್ತಿರಲಿಲ್ಲವೆಂಬುದು ಅದಕ್ಕಿಂತ ದೊಡ್ಡದು.

ತೀರ್ಪಿನ ಪೆಟ್ಟು ಥಿಂಡ್ ಒಬ್ಬರಿಗೇ ಬೀಳಲಿಲ್ಲ. ಅದಾಗಲೇ ಪೌರತ್ವ ಪಡೆದಿದ್ದ ಭಾರತೀಯರ ಕಾಗದಗಳನ್ನೂ ಸರ್ಕಾರ ಹುಡುಕಿ ಹುಡುಕಿ ರದ್ದು ಮಾಡಿಸತೊಡಗಿತು. ಪೇಷಾವರದ ವೈಷ್ಣೋದಾಸ್ ಬಗಾಯ್ ಅವರಲ್ಲೊಬ್ಬರು. ಪರತಂತ್ರ ಭಾರತದಲ್ಲಿ ಮಕ್ಕಳನ್ನು ಬೆಳೆಸಲಾರೆನೆಂದು ೧೯೧೫ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದವರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಾಗಿಸಿದ ದಿನ, ನೆರೆಹೊರೆಯವರು ಮನೆಗೆ ಬೀಗ ಜಡಿದು ಅವರನ್ನು ಒಳಗೆ ಬಿಡಲಿಲ್ಲ. ಆದರೂ ನಂಬಿಕೆ ಕಳೆದುಕೊಳ್ಳದೆ ಅಂಗಡಿ ನಡೆಸಿ, ೧೯೨೧ರಲ್ಲಿ ಪೌರರಾದರು. ೧೯೨೩ರ ತೀರ್ಪಿನ ಬಳಿಕ ಆ ಪೌರತ್ವ ಹೋಯಿತು. ಭೂಮಿಯ ಕಾಯಿದೆಯಿಂದಾಗಿ ಆಸ್ತಿಯೂ ಹೋಯಿತು. ನೆಂಟರನ್ನು ನೋಡಲು ಭಾರತಕ್ಕೆ ಹೋಗಿಬರಬೇಕೆಂದಾಗ, ಬ್ರಿಟಿಷ್ ರಹದಾರಿ ಪಡೆದು ಹೋಗು ಎಂದರು. ಯಾವ ಆಳ್ವಿಕೆಯನ್ನು ಬಿಟ್ಟು ಓಡಿಬಂದಿದ್ದರೋ ಅದರ ಪ್ರಜೆಯೆಂದು ರುಜು ಹಾಕಬೇಕಾಗಿತ್ತು. ೧೯೨೮ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಇತ್ತ ಹೋದರೂ ಅಡ್ಡಿ, ಅತ್ತ ಹೋದರೂ ಅಡ್ಡಿ, ಹಿಂದಿನ ಸೇತುವೆಯೂ ಸುಟ್ಟಿದೆ ಎಂಬ ಅರ್ಥದ ಅವರ ಕೊನೆಯ ಪತ್ರ ಅಲ್ಲಿಯ ವೃತ್ತಪತ್ರಿಕೆಯಲ್ಲಿ ಅಚ್ಚಾಯಿತು.

ಆಮೇಲೆ ಕಾಯಿದೆ ಕರಗಿದುದು ತೊಟ್ಟು ತೊಟ್ಟಾಗಿ. ಯುದ್ಧದಲ್ಲಿ ಚೀನ ಮಿತ್ರರಾಷ್ಟ್ರವಾದ ಮೇಲೆ ೧೯೪೩ರಲ್ಲಿ ಚೀನೀಯರಿಗೆ ಬಾಗಿಲು ತೆರೆಯಿತು. ೧೯೪೬ರಲ್ಲಿ ಭಾರತೀಯರಿಗೂ ಫಿಲಿಪೀನರಿಗೂ ತೆರೆಯಿತು. ಭಾರತದಿಂದ ವಲಸೆಗೆ ಗೊತ್ತುಮಾಡಿದ ಸಂಖ್ಯೆ ವರ್ಷಕ್ಕೆ ೧೦೦. ಪೌರತ್ವಕ್ಕೆ ಜನಾಂಗ ಅಡ್ಡಿಯಾಗಕೂಡದೆಂಬ ಮಾತು ಕಾಯಿದೆಯಲ್ಲಿ ಬಂದುದು ೧೯೫೨ರಲ್ಲಿ. ಸಮ್ನರ್ ಕೇಳಿದುದು ಅಷ್ಟನ್ನೇ. ಅಟ್ಟ ಮೇಲೆ ಒಲೆ ಉರಿಯಿತು.

ಆ ದಾರಿ ಮೊದಲೇ ತೆರೆದಿದ್ದರೆ ಏನು ಕಾಣುತ್ತಿತ್ತೆಂಬುದಕ್ಕೆ ಒಂದು ಸಣ್ಣ ಕಿಂಡಿ ಉಂಟು. ದಲೀಪ್ ಸಿಂಗ್ ಸೌಂದ್ ೧೯೨೦ರಲ್ಲಿ ಪಂಜಾಬಿನಿಂದ ಹೋಗಿ, ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದು, ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕಿಳಿದರು. ಪೌರತ್ವಕ್ಕಾಗಿ ಊರೂರು ತಿರುಗಿ ಹೋರಾಡಿ, ೧೯೪೯ರಲ್ಲಿ ಅದನ್ನು ಪಡೆದರು. ಏಳೇ ವರ್ಷಗಳಲ್ಲಿ, ೧೯೫೬ರ ಚುನಾವಣೆಯಲ್ಲಿ, ಕ್ಯಾಲಿಫೋರ್ನಿಯದ ಮತದಾರರು ಅವರನ್ನು ಅಮೆರಿಕದ ಪ್ರತಿನಿಧಿ ಸಭೆಗೆ ಆರಿಸಿ ಕಳುಹಿಸಿದರು. ಏಷ್ಯದ ಮೂಲದವರೊಬ್ಬರು ಆ ಸಭೆಯಲ್ಲಿ ಮತದ ಹಕ್ಕಿನೊಡನೆ ಕುಳಿತುದು ಅದೇ ಮೊದಲು. ಕಾಯಿದೆ ವರ್ಷಗಟ್ಟಲೆ ಅನರ್ಹನೆಂದವರನ್ನು ನೆರೆಹೊರೆಯ ಜನ ಏಳು ವರ್ಷದಲ್ಲಿ ತಮ್ಮ ಪ್ರತಿನಿಧಿಯನ್ನಾಗಿ ಮಾಡಿಕೊಂಡರು. ಹಾಗಾದರೆ ೧೮೭೦ರಿಂದ ೧೯೪೬ರವರೆಗೆ ಎಷ್ಟು ಸೌಂದರು ಹೊಲದಲ್ಲಿ, ಮಡಿಕಟ್ಟೆಯಲ್ಲಿ, ರೈಲುದಾರಿಯ ಬದಿಯಲ್ಲಿ ಯಾರಿಗೂ ತಿಳಿಯದೆ ಮುಗಿದರೋ ಬಲ್ಲವರಾರು?

೧೯೬೫ರ ವಲಸೆಯ ಕಾಯಿದೆ ದೇಶ ದೇಶಗಳಿಗೆ ಹಾಕಿದ್ದ ಲೆಕ್ಕವನ್ನೂ ತೆಗೆಯಿತು. ಕರ್ನಾಟಕದಿಂದ ಇಂಜಿನಿಯರುಗಳೂ ವೈದ್ಯರೂ ದೊಡ್ಡ ಸಂಖ್ಯೆಯಲ್ಲಿ ಆ ನಾಡಿಗೆ ಹೊರಟುದು ಆಮೇಲೆಯೇ. ಅಲ್ಲಿ ರಾಜ್ಯೋತ್ಸವ ಆಚರಿಸುವ ಕನ್ನಡ ಕುಟುಂಬಗಳಲ್ಲಿ ಪೌರತ್ವದ ಪ್ರಮಾಣವಚನ ತೆಗೆದುಕೊಂಡವರು ಎಷ್ಟೋ ಮಂದಿ. ಅವರ ಅರ್ಜಿಯ ಕಾಗದ ಅವರ ಜಾತಿಯನ್ನಾಗಲಿ ಬಣ್ಣದ ಅರ್ಹತೆಯನ್ನಾಗಲಿ ವಿಚಾರಿಸಿರಲಿಲ್ಲ. ಕೇಳದೆ ಬಿಟ್ಟ ಆ ಪ್ರಶ್ನೆಯ ಬೆಲೆಯನ್ನು ಬೇರೆ ಯಾರೋ ತೆತ್ತಿದ್ದರು.

ಕಲಾ ಬಗಾಯ್ ಮೂವರು ಮಕ್ಕಳನ್ನು ಒಬ್ಬರೇ ಬೆಳೆಸಿದರು. ೧೯೪೬ರ ಕಾಯಿದೆಯ ಬಳಿಕ ಪೌರರಾದರು. ೧೯೮೩ರಲ್ಲಿ ತೀರಿಕೊಂಡರು. ಅವರನ್ನು ಮನೆಯೊಳಗೆ ಬಿಡದ ಬರ್ಕ್ಲಿ ನಗರದ ಸಭೆ ೨೦೨೦ರಲ್ಲಿ ಅಲ್ಲಿಯ ಬೀದಿಯೊಂದಕ್ಕೆ ಅವರ ಹೆಸರಿಡಲು ತೀರ್ಮಾನಿಸಿತು. ಆ ಬೀದಿಯಲ್ಲಿ ಈಗ ಯಾರು ಬೇಕಾದರೂ ನಡೆಯಬಹುದು. ಅದಕ್ಕೆ ಬೀಗವಿಲ್ಲ.